ತವರಿಗೆ ಹೋದವರು

ಮೇಘನಾಳ ಹೆಸರಿನಲ್ಲಿ ಹತ್ತೊಂಬತ್ತು ಸಂಶೋಧನಾ ಪ್ರಬಂಧಗಳಿದ್ದವು. ರೂಪಶ್ರೀಯ ಹೆಸರಿನಲ್ಲಿ ಎರಡು. ಚಾಮರಾಜನಗರದ ಆ ಸಂಶೋಧನಾ ಕೇಂದ್ರಕ್ಕೆ ಇಬ್ಬರೂ ಒಂದೇ ದಿನ ಸೇರಿದವರು, ಒಂದೇ ಬುತ್ತಿಯನ್ನು ಹಂಚಿಕೊಂಡು ಉಂಡವರು. ಮೇಘನಾ ಮೊದಲು ಇಲಿಯ ಹೃದಯದ ಸ್ನಾಯುವಿನ ಬಗ್ಗೆ ಬರೆದಳು. ಅನಂತರ ಗರ್ಭಕೋಶದ ರಕ್ತನಾಳಗಳ ಕಡೆಗೆ ಹೊರಳಿದಳು. ಎರಡು ದೋಣಿಯಲ್ಲಿ ಕಾಲಿಟ್ಟಿದ್ದಾಳೆ, ಮುಳುಗಿಯೇ ಮುಳುಗುತ್ತಾಳೆ ಎಂದು ರೂಪಶ್ರೀ ಕಾದಳು. ಮೇಘನಾ ಮುಳುಗಲಿಲ್ಲ. ಎರಡನ್ನೂ ಬೆಸೆದು ಬಸುರಿಯರ ಹೃದಯವನ್ನೇ ತನ್ನ ವಿಷಯವಾಗಿಸಿಕೊಂಡಳು. ಪ್ರತಿ ಪ್ರಬಂಧ ಅಚ್ಚಾದಾಗಲೂ ಅವಳು ಮೈಸೂರುಪಾಕು ಹಂಚುವಳು. ರೂಪಶ್ರೀ ನಗುನಗುತ್ತಲೇ ಅದನ್ನು ಬಾಯಿಗಿಡುವಳು, ಇದು ಎಷ್ಟನೆಯದೆಂದು ಮನಸ್ಸಿನಲ್ಲೇ ಎಣಿಸುವಳು.

ಈಗ ಕೇಂದ್ರದಲ್ಲಿ ಹಿರಿಯ ವಿಜ್ಞಾನಿಯ ಒಂದೇ ಒಂದು ಹುದ್ದೆ ಖಾಲಿಯಿತ್ತು. ಇಬ್ಬರೂ ಅರ್ಜಿ ಹಾಕಿದ್ದರು.

ಇಂಥ ಹೊತ್ತಿನಲ್ಲೇ ಮೇಘನಾ ತನ್ನ ಹೊಸ ಪ್ರಬಂಧದ ಕರಡನ್ನು ತಂದು ರೂಪಶ್ರೀಯ ಮೇಜಿನ ಮೇಲಿಟ್ಟಳು. "ಕಳಿಸೋಕೆ ಮುಂಚೆ ನೀನೊಂದ್ಸಲ ನೋಡ್ಬುಡೇ. ನಿನ್ ಕಣ್ಣಿಗೆ ಬೀಳದ ತಪ್ಪು ದೇವರ ಕಣ್ಣಿಗೂ ಬೀಳಲ್ಲ."

ಗುಂಡ್ಲುಪೇಟೆ ಸೀಮೆಯ ಬಸುರಿಯರ ಹೃದಯವನ್ನು ಐದನೆಯ ತಿಂಗಳಲ್ಲೊಮ್ಮೆ, ಹೆರಿಗೆಯ ನಂತರ ಇನ್ನೊಮ್ಮೆ ಪರೀಕ್ಷಿಸಿದ ಅಧ್ಯಯನವದು. ಎರಡನೆಯ ಪರೀಕ್ಷೆಗೆ ಬಾರದವರನ್ನು ಮೇಘನಾ ಲೆಕ್ಕದಿಂದ ಕೈಬಿಟ್ಟಿದ್ದಳು. ಬಂದವರ ಹೃದಯಗಳೆಲ್ಲ ಬೇಗನೆ ಚೇತರಿಸಿಕೊಂಡಿದ್ದವು. ಈ ಸೀಮೆಯ ತಾಯಂದಿರ ಹೃದಯ ಗಟ್ಟಿ ಎಂಬುದೇ ಪ್ರಬಂಧದ ಸಾರ. ಓದುತ್ತ ಹೋದಂತೆ ರೂಪಶ್ರೀಗೆ ಹೊಟ್ಟೆಯಲ್ಲಿ ಕಿಚ್ಚಿಟ್ಟಂತಾಯಿತು. ಎಲ್ಲಿಯೂ ಒಂದು ಕೊಂಕಿರಲಿಲ್ಲ.

ಶನಿವಾರ ಕರಡನ್ನು ಚೀಲಕ್ಕೆ ಹಾಕಿಕೊಂಡು ಬೇಗೂರಿನಲ್ಲಿದ್ದ ತನ್ನ ತಾಯಿಯ ಮನೆಗೆ ಹೋದಳು. ಒಲೆಯ ಮುಂದೆ ಬಸುರಿ ಅತ್ತಿಗೆ ಶಿವರಂಜಿನಿಯ ಬದಲು ತಾಯಿ ದೊಡ್ಡಮಲ್ಲಮ್ಮನೇ ಕುಳಿತಿದ್ದಳು.

"ಅತ್ತಿಗೆ ಎಲ್ಲವ್ವ?"

"ಬಳೆ ತೊಡ್ಸಿ ಕಳಿಸ್ಬುಟ್ಟೊ ಕಣಮ್ಮಿ. ಕುದೇರ್ಗೆ ಓಗವ್ಳೆ. ಚೊಚ್ಚಲು ಅಲ್ವಾ, ತವರ್ನೋರು ಬುಟ್ಟಾರಾ?"

"ಮೇಘನಾ ಈ ಸಲದ ಹೊಸ ತಂಡದಲ್ಲಿ ಅತ್ತಿಗೇನೂ ಸೇರಿಸ್ಕೊಂಡು, ಹೆರಿಗೆ ಆದ್ಮೇಲೆ ಇನ್ನೊಂದ್ಸಲ ಪರೀಕ್ಷೆಗೆ ಬರೋಕೆ ಹೇಳಿದ್ಲಲ್ಲ?"

"ಬಾಣಂತಿ ಬಸ್ ಅತ್ಕೊಂಡು ಎದೆ ತೋರ್ಸಕ್ಕೆ ಬತ್ತಾಳಾ? ಸುಮ್ಕಿರು, ರೊಟ್ಟಿ ತಿನ್ನು."

ರೊಟ್ಟಿ ತಟ್ಟೆಯಲ್ಲೇ ಆರಿತು. ರೂಪಶ್ರೀ ಕರಡನ್ನು ತೆಗೆದು ಕೋಷ್ಟಕದ ಮೇಲೆ ಬೆರಳಾಡಿಸಿದಳು. ಎರಡನೆಯ ಪರೀಕ್ಷೆಗೆ ಬಂದವರೆಲ್ಲ ಎರಡನೆಯ, ಮೂರನೆಯ ಹೆರಿಗೆಯವರು. ಚೊಚ್ಚಲ ಬಸುರಿಯರೆಲ್ಲ ತವರು ಸೇರಿದ್ದರು. ಅವರ ಹೃದಯ ಏನಾಯಿತೆಂದು ಯಾರಿಗೂ ತಿಳಿಯದು. ಗುಂಡ್ಲುಪೇಟೆಯಲ್ಲೇ ಹುಟ್ಟಿ ಬೆಳೆದ ಮೇಘನಾಳಿಗೆ ಇದು ಹೊಳೆಯದೆ ಹೋದದ್ದಾದರೂ ಹೇಗೆ? ಹೊಳೆಯದಿದ್ದದ್ದೇ ಸಹಜ. ಚೊಚ್ಚಲಿಗೆ ಮಗಳು ತವರಿಗೆ ಹೋಗುತ್ತಾಳೆ ಎಂಬುದನ್ನು ಈ ಸೀಮೆಯಲ್ಲಿ ಯಾರೂ ಸಂಗತಿಯೆಂದು ಎಣಿಸುವುದಿಲ್ಲ.

ಅಚ್ಚಿಗೆ ಮುಂಚೆ ಪ್ರಬಂಧವನ್ನು ಓದುವ ಹೊರದೇಶದ ಪರಿಶೀಲಕರಿಗೆ ಇದು ತಿಳಿಯಲಾರದು. ಆದರೆ ಹಿರಿಯ ವಿಜ್ಞಾನಿ ಹುದ್ದೆಯ ಆಯ್ಕೆ ಸಮಿತಿಯಲ್ಲಿ ಕೂರುವವರು ಇಲ್ಲಿಯವರೇ. ಅವರಲ್ಲಿ ಒಬ್ಬರು, 'ಚೊಚ್ಚಲಿನವರು ಎಲ್ಲಮ್ಮ?' ಎಂದರೆ ಸಾಕು. ಎಷ್ಟೋ ವರ್ಷಗಳ ಮೇಲೆ ರೂಪಶ್ರೀಗೆ ಅಂದು ಒಳ್ಳೆಯ ನಿದ್ದೆ ಬಂತು.

ಸೋಮವಾರ ಕರಡನ್ನು ಹಿಂದಿರುಗಿಸಿದಳು. "ಚೆನ್ನಾಗಿದೆ. ಹೀಗೇ ಕಳಿಸು."

"ಅಬ್ಬ, ಬದುಕ್ದೆ!" ಮೇಘನಾ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು. "ಇನ್ನೊಂದ್ ವಿಷ್ಯ, ಬೈಬೇಡ. ನಿನ್ ಹೆಸರೂ ಸೇರಿಸಿದೀನಿ ಕಣೇ. ನಮ್ ಅಧ್ಯಯನದ ಪ್ರಶ್ನೆಗಳನ್ನ ತಿದ್ದಿಕೊಟ್ಟಿದ್ದು ನೀನೇ ತಾನೆ? ಸಂದರ್ಶನಕ್ಕೆ ನಿಂಗೂ ಒಂದಾಗುತ್ತೆ."

ಕಂಪ್ಯೂಟರಿನ ಪರದೆಯ ಮೇಲೆ ಮೇಘನಾಳ ಹೆಸರಿನ ಪಕ್ಕದಲ್ಲಿ ಅವಳ ಹೆಸರಿತ್ತು. ಮೂರನೆಯ ಪ್ರಬಂಧ! ಅದೂ ಭಿಕ್ಷೆಯಂತೆ ಬಂದದ್ದು. ರೂಪಶ್ರೀಯ ಕಿವಿ ಬಿಸಿಯಾಯಿತು. ಸಮಿತಿಯವರು ಆ ಪ್ರಶ್ನೆ ಕೇಳಿದರೆ ಈಗ ಇಬ್ಬರೂ ತಲೆ ತಗ್ಗಿಸಬೇಕು.

ಮೇಘನಾಳ ಬೆರಳು ಪ್ರಬಂಧ ಕಳಿಸುವ ಗುಂಡಿಯ ಮೇಲಿತ್ತು.

"ತಡಿ," ಎಂದಳು ರೂಪಶ್ರೀ. ತವರಿಗೆ ಹೋದ ಚೊಚ್ಚಲ ಬಸುರಿಯರು ಲೆಕ್ಕದಿಂದ ತಪ್ಪಿಹೋದದ್ದನ್ನು ಹೇಳಿದಳು.

ಮೇಘನಾಳ ಮುಖ ಬಿಳಿಚಿಕೊಂಡಿತು. "ಯಾವಾಗ ಹೊಳೀತು ನಿಂಗಿದು?"

"ಈಗ್ಲೇ."

ಮೇಘನಾ ಅವಳನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಹಣೆ ಚಚ್ಚಿಕೊಂಡು ನಕ್ಕಳು. "ನಮ್ಮಕ್ಕನ ಬಳೆಶಾಸ್ತ್ರಕ್ಕೆ ಆರತಿ ಎತ್ತಿದವ್ಳೇ ನಾನು! ಎಂಥ ಪೆದ್ದಿ ನೋಡು!" ಮರುಗಳಿಗೆಯೇ ಹಾಳೆಯೊಂದನ್ನು ಎಳೆದುಕೊಂಡು ಗೀಚತೊಡಗಿದಳು. "ತವರಿಗೆ ಹೋದವ್ರನ್ನ ತವರಲ್ಲೇ ಹುಡ್ಕಿ ನೋಡನ. ತೆರಕಣಾಂಬಿ, ಕುದೇರು, ಎಲ್ಲಿದ್ರೆ ಅಲ್ಲಿಗೇ ಯಂತ್ರ ತಗೊಂಡು ಹೋಗನ. ಗಂಡನ ಮನೇಲಿದ್ದ ಹೃದಯ, ತವರಲ್ಲಿರೋ ಹೃದಯ, ಎರಡನ್ನೂ ಹೋಲಿಸ್ಬೋದು ಕಣೇ. ಇದನ್ನ ಇದುವರೆಗೂ ಯಾರು ಮಾಡವ್ರೆ?"

ರೂಪಶ್ರೀ ನೋಡುತ್ತ ನಿಂತಳು. ತಾನು ಎರಡು ದಿನ ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದ ಕೆಂಡ ಇವಳ ಕೈಯಲ್ಲಿ ದೀಪವಾಗಿಬಿಟ್ಟಿತ್ತು. ಹಿಂದಿನ ಹತ್ತೊಂಬತ್ತನ್ನೂ ಮೀರಿಸುವ ಪ್ರಬಂಧ ತನ್ನ ಕಣ್ಣೆದುರಿಗೇ ಹುಟ್ಟುತ್ತಿತ್ತು.

"ಯೋಚನೆ ನಿಂದು, ಅದಕ್ಕೆ ಮೊದಲ ಹೆಸರೂ ನಿಂದೇ," ಎಂದಳು ಮೇಘನಾ ತಲೆಯೆತ್ತದೆ. "ಏನಂತೀಯ?"

ಬೇಡ ಎನ್ನಬೇಕೆಂದು ರೂಪಶ್ರೀ ಬಾಯಿ ತೆರೆದಳು. ಮೊದಲ ಸ್ಥಾನವೂ ಇವಳ ಕೈಯಿಂದಲೇ ಬರಬೇಕೆ ಎಂದು ಎದೆ ಉರಿಯುತ್ತಿತ್ತು.

"ಸರಿ," ಎಂದಳು.