ಕತ್ತಿಯಕ್ಕನ ಕೈಗುಣ

ಕಬ್ಬು ನೆಡುವುದೆಂದರೆ ಬೀಜ ಚೆಲ್ಲುವುದಲ್ಲ. ಬಲಿತ ಜಲ್ಲೆಯನ್ನೇ ತುಂಡು ಮಾಡಿ ಮಣ್ಣಲ್ಲಿ ಮಲಗಿಸಬೇಕು. ಆ ತುಂಡು ಕಡಿಯುವುದರಲ್ಲಿ ಕತ್ತಿಯಕ್ಕನನ್ನು ಮೀರಿಸುವವರು ಸುತ್ತಮುತ್ತ ಹುಟ್ಟಿರಲಿಲ್ಲ. ತುಂಡಿಗೆ ಮೂರು ಗಿಣ್ಣು, ಒಂದೇ ಏಟು. ಕಡಿದ ಬಾಯಿ ಬೆಳ್ಳಗಿದ್ದರೆ ಬುಟ್ಟಿಗೆ, ಕೆಂಪಗಿದ್ದರೆ ಬೆಂಕಿಗೆ. ಕೆಂಪು ಅಂದರೆ ಕೊಳೆರೋಗ. ಅಂಥ ನಾಲ್ಕು ತುಂಡು ನುಸುಳಿದರೂ ಹೊಲಕ್ಕೆ ಹೊಲವೇ ಮಣ್ಣುಪಾಲು. ಅವಳ ಕೈಗುಣ ದೊಡ್ಡದು ಅಂತ ಜನ ಬಾಗಿಲಿಗೆ ಬಂದು ಕಾಯೋರು. ಹೊಗಳಿಸಿಕೊಂಡು ಹೊಗಳಿಸಿಕೊಂಡು ಮುದುಕಿಗೂ ಸ್ವಲ್ಪ ತಲೆ ತಿರುಗಿತ್ತು, ಸುಳ್ಳು ಯಾಕೆ ಹೇಳಬೇಕು.

ಎರಡು ವರ್ಷದಿಂದ ಅವಳ ಕಣ್ಣಿಗೆ ಪೊರೆ ಬಂದಿತ್ತು. ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಗಿಣ್ಣು ಬೆರಳಿಗೇ ಸಿಗುತ್ತೆ, ಅಷ್ಟು ಸಾಕು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಆದರೆ ಕೆಂಪು ಬೆರಳಿಗೆ ಸಿಗುವುದಿಲ್ಲವಲ್ಲ.

ಹೊಡೆಯುವ ಗಂಡನನ್ನು ಬಿಟ್ಟುಬಂದ ಮಗಳು ಗುತ್ತಿಗೆಗೆ ಹೊಲ ಹಿಡಿದಾಗಲೂ ತುಂಡು ಕಡಿದವಳು ಇವಳೇ. ಬೆಳೆ ಕೈಗೆ ಬಂದರೆ ಮಗಳು ತನ್ನ ಕಾಲ ಮೇಲೆ ನಿಲ್ಲುತ್ತಾಳೆ. ಇಲ್ಲದಿದ್ದರೆ ಮತ್ತೆ ಅವನ ಮನೆಯೇ ಗತಿ. ಅಮ್ಮನ ಕೈಯಿಂದಲೇ ಆಗಬೇಕು ಅಂತ ಹಟ ಹಿಡಿದವಳೂ ಮಗಳೇ.

ಎಂಟನೇ ತಿಂಗಳಲ್ಲಿ ಗರಿ ಒಣಗತೊಡಗಿತು. ನೀರು ಸಾಲದೇನೋ ಅಂತ ಮಗಳು ಇನ್ನಷ್ಟು ಹಾಯಿಸಿದಳು. ಕೊನೆಗೆ ಅಮ್ಮನನ್ನೇ ಕರೆದುಕೊಂಡು ಹೋದಳು. ಕತ್ತಿಯಕ್ಕ ಒಂದು ಜಲ್ಲೆ ಕಡಿದು ಉದ್ದಕ್ಕೆ ಸೀಳಿದಳು. ನೋಡುವುದೇ ಬೇಕಾಗಲಿಲ್ಲ, ಕೊಳೆರೋಗದ ಹುಳಿಹೆಂಡದ ವಾಸನೆ ಗಪ್ಪಂತ ಮೂಗಿಗೆ ಬಡಿಯಿತು. ಆಚೆ ಸಾಲಿಗೆ ಹೋಗಿ ಇನ್ನೊಂದು ಸೀಳಿದಳು, ಅದರಾಚೆಗೆ ಮತ್ತೊಂದು. ಎಲ್ಲ ಕಡೆ ಅದೇ ವಾಸನೆ.

ಮಗಳು ನಾಟಿಗೆ ಜಲ್ಲೆ ಮಾರಿದವನನ್ನು ಬಾಯಿಗೆ ಬಂದಂತೆ ಬೈದಳು. ಈಗಲೇ ಹೋಗಿ ಅವನ ಜನ್ಮ ಜಾಲಾಡುತ್ತೇನೆ ಅಂತ ಹೊರಟೇಬಿಟ್ಟಳು. ಸುಮ್ಮನಿದ್ದಿದ್ದರೆ ತಪ್ಪೆಲ್ಲ ಅವನ ತಲೆಗೇ ಹೋಗುತ್ತಿತ್ತು. ಸುಮ್ಮನಿದ್ದುಬಿಡೋಣ ಅಂತ ಮುದುಕಿಗೆ ಒಂದು ಗಳಿಗೆ ಅನ್ನಿಸಿದ್ದೂ ನಿಜ.

"ಅವನದೇನೂ ತಪ್ಪಿಲ್ಲ ಕಣೇ. ಕೆಂಪು ನಂಗೆ ಕಾಣಿಸಲೇ ಇಲ್ಲ. ಕಣ್ಣು ಮಂಜಾಗಿ ಎರಡು ವರ್ಷ ಆಯ್ತು."

ಮಗಳು ಬೈಯಲಿಲ್ಲ. ಬೈದಿದ್ದರೆ ಇವಳು ಬದುಕಿಕೊಳ್ಳುತ್ತಿದ್ದಳು. ಬದುವಿನ ಮೇಲೆ ಕೂತು ಮಗಳು ಹೇಳಿದಳು:

"ಯಾರ ಹತ್ರಾನೂ ಹೇಳ್ಬೇಡ. ನಾನಂತೂ ವಾಪಸ್ ಹೋಗಲೇಬೇಕು. ನಿನ್ನ ಕೆಲಸ ಆದ್ರೂ ಉಳೀಲಿ."

ಕಾಲುವೆ ಹತ್ತಿರ ಬಂದಾಗ ಮಗಳು ಕೈ ಹಿಡಿದು ದಾಟಿಸಿದಳು. ಅಮ್ಮನ ಕೈ ಹೀಗೆ ಹಿಡಿದಿದ್ದು ಅದೇ ಮೊದಲು.

ಮನೆ ಮುಂದೆ ಪಕ್ಕದ ಹೊಲದವನು ಕಾಯುತ್ತಿದ್ದ. ಮೇಲಿನ ಹೊಲಕ್ಕೆ ನಾಳೆ ನಾಟಿ, ತುಂಡು ಕಡಿಯಲು ಕತ್ತಿಯಕ್ಕನೇ ಬರಬೇಕು, ಬೇರೆ ಯಾರ ಕೈಯೂ ಆಗುವುದಿಲ್ಲ ಅಂದ. ಮಗಳು ಅಮ್ಮನ ಕೈಯನ್ನು ಮೆಲ್ಲಗೆ ಅದುಮಿದಳು. ಕತ್ತಿಯಕ್ಕ ಆ ಕೈ ಬಿಡಿಸಿಕೊಂಡು, ತನಗೆ ಕಣ್ಣು ಕಾಣುವುದಿಲ್ಲ, ಬೇರೆಯವರನ್ನು ನೋಡಿಕೋ ಅಂದಳು.

ತಮಾಷೆ ಅಂದುಕೊಂಡು ಅವನು ನಕ್ಕ. ಯಾರೂ ಜೊತೆಗೆ ನಗಲಿಲ್ಲ.

"ಹಾಗಾದ್ರೆ ಅಕ್ಕ," ಅಂದ, "ನಮ್ಮ ಕೆಳಗಿನ ಹೊಲದಲ್ಲೂ ಗರಿ ಒಣಗ್ತಾ ಇದೆಯಲ್ಲ?"

ಮಗಳು ಒಳಗೆ ಹೋಗಿ ಬಟ್ಟೆ ಮಡಿಸತೊಡಗಿದಳು. ಈ ಸಲ ಎಷ್ಟು ಹೊಲಕ್ಕೆ ಕಡಿದೆ ಅಂತ ಕತ್ತಿಯಕ್ಕ ಬೆರಳು ಮಡಿಸಿ ನೋಡಿದಳು. ಎರಡು ಕೈ ಸಾಲಲಿಲ್ಲ.