ಆರಿದ ಚಹಾದ ಉಸ್ತಾದ್

ಉಸ್ತಾದ್ ಬಖೂಮರು ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಅವರನ್ನು ಕರೆದೊಯ್ದು ನಿಲ್ಲಿಸಿದ್ದು ವಿದ್ಯುತ್ ಮೀಟರಿನ ಮುಂದೆ. ನಮ್ಮ ಶುಬ್ರಾ ಬಡಾವಣೆಯ ಸುಡುಬೇಸಗೆಯಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿದ ಬೂದು ಕೋಟು, ಕಂಕುಳಲ್ಲಿ ದಪ್ಪ ನೋಟ್‌ಬುಕ್ಕು, ಐದು ಮಹಡಿ ಹತ್ತಿದ ಏದುಸಿರು: ಇಂಥವರು ಮೀಟರ್ ಓದುವವರಲ್ಲದೆ ಮತ್ತಾರು ಎಂದು ನನ್ನ ಹದಿನಾರು ವರ್ಷದ ಪ್ರೌಢಬುದ್ಧಿ ತೀರ್ಮಾನಿಸಿತ್ತು. ಅವರು ಕನ್ನಡಕ ಏರಿಸಿ, ಅಂಕಿಗಳನ್ನು ಶ್ರದ್ಧೆಯಿಂದ ಓದಿ, ನನ್ನತ್ತ ತಿರುಗಿದರು.

"ಇದು ಸರಿಯಾಗೇ ಓಡ್ತಿದೆ. ನೀನ್ಯಾಕಪ್ಪಾ ವಿಸ್ಸಾ, ಆರು ವಾರದಿಂದ ನಿಂತುಬಿಟ್ಟಿದ್ದೀಯ?"

ಅವರು ನಮ್ಮ ಕಾಪ್ಟಿಕ್ ಚರ್ಚಿನಲ್ಲಿ ಹದಿಹರೆಯದವರ ತರಗತಿಗೆ ಹೊಸದಾಗಿ ಬಂದ ಸೇವಕರು, ಅಂದರೆ ಸಂಬಳವಿಲ್ಲದೆ ಧರ್ಮಪಾಠ ಹೇಳುವ ಮೇಷ್ಟರು. ಅದು ತಿಳಿಯಬೇಕಾದರೆ ನಾನು ತರಗತಿಗೆ ಹೋಗಿರಬೇಕಿತ್ತು. ಬಾರದ ಹುಡುಗರ ಮನೆಗೆ ಹೋಗಿ ವಿಚಾರಿಸುವುದು ನಮ್ಮಲ್ಲಿ ಎಲ್ಲ ಸೇವಕರ ಕೆಲಸವೇ. ಆದರೆ ಬಖೂಮರು ಹುಡುಗನನ್ನು ಒಂಟಿಯಾಗಿ ಮಾತಾಡಿಸಿದವರಲ್ಲ. ಮೊದಲು ಅಡುಗೆಮನೆಯಲ್ಲಿ ಅಮ್ಮನೊಡನೆ ಕಾಳು ಆರಿಸುತ್ತ ಕೂರುವರು, ನನ್ನ ಓರಗೆಯವನೇ ಆದ ತಮ್ಮ ಸ್ವಂತ ಮಗ ತಾದ್ರೋಸನ ಹಟಗಳನ್ನು ಹೇಳಿ ನಗಿಸುವರು; ಆಮೇಲೆ ಅಪ್ಪನನ್ನು ಕರೆಯುವರು.

ತೊಡಕಿದ್ದದ್ದು ಅಲ್ಲೇ. ನಾನು ಶಾಲೆ ಬಿಟ್ಟು ಫೋನ್ ರಿಪೇರಿ ಅಂಗಡಿ ಸೇರಿದ ಮೇಲೆ ಅಪ್ಪ ನನ್ನೊಡನೆ ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು. ಎದುರಿಗೇ ಕೂತು, "ನಿನ್ನ ಮಗನಿಗೆ ಹೇಳು, ಉಪ್ಪು ಈ ಕಡೆ ತಳ್ಳಲಿ" ಎಂದು ಅಮ್ಮನಿಗೆ ಹೇಳುತ್ತಿದ್ದರು. ನಾನೂ ಕಡಿಮೆಯವನಲ್ಲ, ಉಪ್ಪನ್ನು ಅಮ್ಮನ ಕಡೆ ತಳ್ಳುತ್ತಿದ್ದೆ.

ಬಖೂಮರು ಉಪದೇಶಿಸಲಿಲ್ಲ. ಚಹಾ ಬಂದಾಗ, "ಅಪ್ಪ ಮಗ ಇಬ್ಬರೂ ಕೂತರೆ ಕುಡೀತೀನಿ" ಎಂದರು. ಕೂರಲಿಲ್ಲ. ಅವರು ಕುಡಿಯದೆ ಹೋದರು. ಮೂರು ಗುರುವಾರ ಅವರ ಲೋಟದ ಮೇಲೆ ಕೆನೆಗಟ್ಟಿದ ಮೌನವನ್ನು ಅಮ್ಮ ಬಚ್ಚಲಿಗೆ ಸುರಿದಳು. ಅತಿಥಿ ತುಟಿ ಒದ್ದೆ ಮಾಡದೆ ಮೆಟ್ಟಿಲಿಳಿಯುವುದು ನಮ್ಮ ಓಣಿಯಲ್ಲಿ ಮನೆತನದ ಮುಖಕ್ಕೆ ಮಸಿ. ನಾಲ್ಕನೆಯ ಗುರುವಾರ ಅಪ್ಪ ಕೆಂಪಾದರು.

"ನೆರೆಯವರು ಏನಂತಾರೆ, ಉಸ್ತಾದ್? ನಮ್ಮ ಮನೇಲಿ ವಿಷ ಹಾಕ್ತಾರಾ?"

"ನನ್ನ ಕೇಳಬೇಡಿ ಸ್ವಾಮಿ. ಬಾಗಿಲಲ್ಲಿ ನಿಂತಿದ್ದಾನಲ್ಲ, ಅವನನ್ನ ಕೇಳಿ."

ಅಪ್ಪ ನನ್ನತ್ತ ತಿರುಗಿದರು. "ಬಂದು ಕೂತ್ಕೊಳ್ಳೋ, ಕತ್ತೆ. ಈ ಮನುಷ್ಯನ ಚಹಾ ಆರ್ತಿದೆ."

ಕೂತೆ. ಕತ್ತೆಯೆಂದು ಕರೆಸಿಕೊಂಡು ಅಷ್ಟು ಹಗುರಾದವನು ಲೋಕದಲ್ಲಿ ನಾನೊಬ್ಬನೇ ಇರಬೇಕು. ಬಖೂಮರು ಆರಿದ್ದನ್ನೇ ಕುಡಿದು, ಒಂದು ಪ್ರಾರ್ಥನೆಯನ್ನೂ ಹೇಳದೆ ಎದ್ದುಹೋದರು.

ಈಗ ಅಂಗಡಿಯ ಕೆಲಸದ ನಡುವೆ ನಾನೂ ಸೇವಕ. ನೋಟ್‌ಬುಕ್ಕು ಹಿಡಿದು ಅವರ ಹಿಂದೆ ಮೆಟ್ಟಿಲು ಹತ್ತುತ್ತೇನೆ. ಇಂಥವರ ಬಗೆಯೇ ಹಾಗೆ: ಪರರ ಹೊಸ್ತಿಲುಗಳಲ್ಲಿ ಪಾದರಕ್ಷೆ ಸವೆಸುವ ಇವರಿಗೆ ಊರ ಮಕ್ಕಳೆಲ್ಲರ ಗೈರುಹಾಜರಿ ಕಾಣುತ್ತದೆ, ಒಂದನ್ನು ಬಿಟ್ಟು. ಕಳೆದ ವಾರ ಮೂರನೆಯ ಮಹಡಿಯಲ್ಲಿ ಅವರು ಉಸಿರಿಗಾಗಿ ನಿಂತಾಗ, ಕೇಳಬಾರದ್ದನ್ನು ಕೇಳಿಬಿಟ್ಟೆ.

"ಉಸ್ತಾದ್, ನಿಮ್ಮ ತಾದ್ರೋಸ್ ಯಾಕೆ ಚರ್ಚಿಗೇ ಬರೋದಿಲ್ಲ?"

ಅವರು ಕೋಟಿನ ಮೇಲಿನ ಗುಂಡಿ ಸರಿಮಾಡಿಕೊಂಡರು.

"ಆ ಗುರುವಾರಗಳಲ್ಲಿ ಅವನ ಜೊತೆ ಚಹಾಕ್ಕೆ ಯಾರೂ ಕೂರಲಿಲ್ಲ. ನಾನು ನಿಮ್ಮನೇಲಿದ್ದೆ."