ಗೇರಿನಲ್ಲಿ ನಿಲ್ಲಿಸಿದ ಕಾರು

ಐವತ್ತೆರಡನೇ ವಯಸ್ಸಿಗೆ ರಾಮಾಂಜಿನಪ್ಪನ ಎಡಗಾಲಿನ ಕೆಲಸ ಹೋಯಿತು. ಬಲಗಾಲಿಗೆ ಇತ್ತು, ಎರಡು ಕೈಗೂ ಇತ್ತು, ಎಡಗಾಲಿಗೆ ಮಾತ್ರ ಇಲ್ಲ. ಇಪ್ಪತ್ತೆರಡು ವರ್ಷ ಅಪ್ಪಯ್ಯಣ್ಣನವರ ಅಂಬಾಸಿಡರಿನ ಕ್ಲಚ್ಚು ತುಳಿದ ಕಾಲು ಅದು. ಅಪ್ಪಯ್ಯಣ್ಣ ಅಂದರೆ ಅನುಗೊಂಡನಹಳ್ಳಿ ಕಡೆ ಗೊತ್ತಿಲ್ಲದವರಿಲ್ಲ, ಅಷ್ಟು ಜಮೀನು. ಅವರ ಮಗ ಮನೋಹರ ಬೆಂಗಳೂರಿನಲ್ಲಿ ಆಫೀಸು ಇಟ್ಟುಕೊಂಡವನು. ಅಂಬಾಸಿಡರನ್ನು ಮಾರಿಸಿ, ತನ್ನ ದೇಶಕ್ಕೆ ವಾಪಸು ಹೊರಟಿದ್ದ ಯಾರೋ ಪರದೇಶದವನಿಂದ ಒಂದು ಕಾರು ಕೊಂಡು, ತೊಂಬತ್ತೈದನೇ ಇಸವಿಯ ಶಿವರಾತ್ರಿ ಕಳೆದ ವಾರಕ್ಕೆ ಊರಿಗೆ ತಂದು ನಿಲ್ಲಿಸಿದ. ಬೂದು ಬಣ್ಣ, ಒಳಗೆ ತಣ್ಣನೆ ಗಾಳಿ, ಕೂತರೆ ಏಳಲು ಮನಸ್ಸೇ ಬಾರದಂಥ ಸೀಟು. ಎಲ್ಲ ಸರಿ, ಕ್ಲಚ್ಚೇ ಇಲ್ಲ!

"ರಾಮಾಂಜಿನಣ್ಣ, ಎಡಗಾಲು ಮನೇಲೇ ಬಿಟ್ಟು ಬಂದಿದೀನಿ ಅಂದ್ಕೊಳಣ್ಣ" ಎಂದು ಮನೋಹರ ಪಕ್ಕದಲ್ಲಿ ಕೂತು ಪಾಠ ಹೇಳಿದ. "ಇದು ಡಿ, ಮುಂದಕ್ಕೆ ಹೋಗಕ್ಕೆ. ಇದು ಆರ್, ಹಿಂದಕ್ಕೆ. ಎನ್ ಅಂದ್ರೆ ನ್ಯೂಟ್ರಲ್. ಗಾಡಿ ನಿಲ್ಸಿದ್ಮೇಲೆ ಪಿಗೆ ತಳ್ಳಿಬಿಡು, ಚಕ್ರ ಅಲ್ಲಾಡಲ್ಲ. ಗೇರೆಲ್ಲ ಅದೇ ಹಾಕ್ಕಳತ್ತೆ."

ಗೇರು ತಾನೇ ಹಾಕಿಕೊಳ್ಳುವುದಾದರೆ ನಾನು ಯಾಕೆ ಎಂದು ಕೇಳಬೇಕೆನ್ನಿಸಿತು ಅವನಿಗೆ. ಕೇಳಲಿಲ್ಲ. ಹಾಗೆ ಕೇಳಿ ಕೆಲಸ ಕಳೆದುಕೊಂಡವರನ್ನು ಅವನು ನೋಡಿದ್ದ.

ಮೊದಲ ದಿನವೇ ಆಯಿತು ಮಂಗಳಾರತಿ. ಸಮೇತನಹಳ್ಳಿ ತಿರುವಿನಲ್ಲಿ ಗೇರು ಬದಲಿಸೋಣವೆಂದು ಎಡಗಾಲು ಅಭ್ಯಾಸದಂತೆ ಧಡಾರನೆ ತುಳಿಯಿತು. ಅಲ್ಲಿ ಇದ್ದದ್ದು ಅಗಲವಾದ ಬ್ರೇಕು. ಕಾರು ನೆಟ್ಟಗೆ ನಿಂತಿತು, ಹಿಂದೆ ಕೂತಿದ್ದ ಅಪ್ಪಯ್ಯಣ್ಣನವರು ನಿಲ್ಲಲಿಲ್ಲ. ಮೂಗು ಮುಂದಿನ ಸೀಟಿಗೆ ಬಡಿದು, ರುಮಾಲು ಗೇರಿನ ಮೇಲೆ ಬಂದು ಬಿತ್ತು.

"ಲೇ ರಾಮಾಂಜಿ, ಕುರಿ ಗಿರಿ ಅಡ್ಡ ಬಂತೇನ್ಲಾ?"

"ಇಲ್ಲ ಯಜಮಾನ್ರೇ. ನನ್ ಕಾಲೇ ಅಡ್ಡ ಬಂತು."

ಅವತ್ತಿನಿಂದ ಅವನು ಎಡಗಾಲನ್ನು ಸೀಟಿನ ಕೆಳಗೆ ಮಡಚಿ, ಟವೆಲ್ಲಿನಿಂದ ಬಿಗಿದು ಕೂರಲು ಶುರುಮಾಡಿದ. ಊರವರು ನಗದೆ ಬಿಡುತ್ತಾರೆಯೇ? ಹಾಲು ಕರೆಯುವಾಗ ಒದೆಯುವ ಹಸುವಿಗೂ ಹೀಗೇ ಕಟ್ಟುವುದಲ್ಲವೇ ಎಂದರು. ನಗಲಿ ಬಿಡಿ. ಆದರೆ ಒಂದು ವಿಷಯವನ್ನು ಮಾತ್ರ ಅವನ ಜೀವ ಒಪ್ಪಲಿಲ್ಲ. ಅದು ಆ 'ಪಿ'. ಅವನಿಗೆ ಗಾಡಿ ಕಲಿಸಿದ ಹೊಸಕೋಟೆಯ ಮುದುಕ ಡ್ರೈವರು ಮೊದಲ ದಿನವೇ ಹೇಳಿದ್ದ ಮಾತು ಒಂದು: ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದರೆ ಹ್ಯಾಂಡ್‌ಬ್ರೇಕು ನಂಬಬೇಡ, ಗೇರಿನಲ್ಲಿ ನಿಲ್ಲಿಸು, ಚಕ್ರಕ್ಕೆ ಕಲ್ಲು ಕೊಡು. ಇಪ್ಪತ್ತೆರಡು ವರ್ಷ ಹಾಗೇ ನಿಲ್ಲಿಸಿದ್ದ, ಒಂದು ದಿನವೂ ಗಾಡಿ ಒಂದು ಗೇಣು ಉರುಳಿರಲಿಲ್ಲ. ಯಜಮಾನರ ಸಮತಟ್ಟು ಅಂಗಳದಲ್ಲಿ ಏನೋ ಮನೋಹರ ಹೇಳಿದನೆಂದು ಪಿಗೆ ತಳ್ಳುತ್ತಿದ್ದ. ಹೇಳಿದಂತೆ ಕೇಳುವುದು ಬೇರೆ, ನಂಬುವುದು ಬೇರೆ.

ಇನ್ನು ಅವನ ಮನೆ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಎಲ್ಲ ಕೆಟ್ಟದ್ದು ಅಲ್ಲೇ. ಅವನಿಗೆ ಇದ್ದವಳು ಒಬ್ಬಳೇ ಮಗಳು, ಬಿಂದುಶ್ರೀ. ಆ ವರ್ಷ ಎಸ್ಸೆಸ್ಸೆಲ್ಸಿ. ಹೆಂಡತಿ ಲಕ್ಷ್ಮೀದೇವಮ್ಮನಿಗೆ ಒಬ್ಬ ತಮ್ಮ, ಆದಿನಾರಾಯಣಪ್ಪ. ಸೋದರಮಾವ, ಮೂವತ್ತು ದಾಟಿದವನು, ಅಕ್ಕನ ಮಗಳು ತನಗೇ ಎಂದು ಎರಡು ವರ್ಷದಿಂದ ಹಬ್ಬ ಹಬ್ಬಕ್ಕೂ ಬಾಳೆಗೊನೆ ಹೊತ್ತು ಬರುತ್ತಿದ್ದ. ಬಿಂದುಶ್ರೀಗೆ ಕಾಲೇಜಿಗೆ ಹೋಗುವ ಆಸೆ. ರಾಮಾಂಜಿನಪ್ಪ ಹೆಂಡತಿಯ ಜೊತೆ ಒಂದು ತಿಂಗಳು ಜಗಳವಾಡಿ, ಮಾತು ಬಿಟ್ಟು, ಕೊನೆಗೆ ಒಂದು ಒಪ್ಪಂದಕ್ಕೆ ಬಂದಿದ್ದ. ಹುಡುಗಿ ಒಂದೇ ಸಲಕ್ಕೆ ಪಾಸಾದರೆ ಹೊಸಕೋಟೆ ಕಾಲೇಜು. "ಒಂದು ಪೇಪರ್ ಹೋದ್ರೂ ಚಪ್ಪರ ಹಾಕೋದೇಯ, ಆಮೇಲೆ ನನ್ನನ್ನ ಏನೂ ಅನ್ಬಾರ್ದು" ಎಂದು ಲಕ್ಷ್ಮೀದೇವಮ್ಮ ದೇವರ ಗೂಡಿನ ಮುಂದೆ ನಿಲ್ಲಿಸಿ ಅವನಿಂದ ಹೂಂ ಅನ್ನಿಸಿಕೊಂಡಿದ್ದಳು.

ಮೊದಲ ಮೂರು ಪರೀಕ್ಷೆಗೆ ಹುಡುಗಿ ಹೊಸಕೋಟೆಗೆ ಬಸ್ಸಿನಲ್ಲೇ ಹೋಗಿ ಬಂದಳು. ಚೆನ್ನಾಗಿಯೇ ಬರೆದಳು. ಸೋಮವಾರ ಲೆಕ್ಕದ ಪರೀಕ್ಷೆ. ಹಿಂದಿನ ಸಲ ಬಸ್ಸಿನ ನೂಕುನುಗ್ಗಲಲ್ಲಿ ಅವಳ ಕಂಪಾಸ್ ಡಬ್ಬಿ ಬಿದ್ದು ಯಾರೋ ತುಳಿದಿದ್ದರಂತೆ. ಅಷ್ಟು ಕೇಳಿದ್ದೇ ಅಪ್ಪನಿಗೆ ಸಾಕಾಯಿತು. ಯಜಮಾನರ ಮುಂದೆ ಹೋಗಿ ತಲೆ ಕೆರೆಯುತ್ತ ನಿಂತ.

"ಕಾರ್ ತಗೊಂಡ್ಹೋಗೋ ಲೇ. ಹುಡ್ಗಿ ಪರೀಕ್ಷೆ ಬರೆಯಕ್ಕೆ ಹೋಗೋದು ಏನು ಕಮ್ಮಿ ಕೆಲ್ಸನಾ?" ಎಂದರು ಅಪ್ಪಯ್ಯಣ್ಣ. ಮನೋಹರ ಗೆಳೆಯರ ಗಾಡಿಯಲ್ಲಿ ತಿರುಪತಿಗೆ ಹೋಗಿದ್ದ, ಸೋಮವಾರ ಸಂಜೆಗೆ ಬರುವವನು.

ಭಾನುವಾರ ಸಂಜೆಯೇ ಕಾರನ್ನು ತೊಳೆದು, ತನ್ನ ಮನೆಯ ಮುಂದೆ ತಂದು ನಿಲ್ಲಿಸಿದ. ಅವನ ಮನೆಯಿದ್ದ ಮೇಲಿನ ಬೀದಿ ಅಂದರೆ ಒಳ್ಳೆ ಇಳಿಜಾರು, ಕೆಳಗೆ ಮೋರಿ. ಪಿ ಅನ್ನುವ ಒಂದು ಅಕ್ಷರವನ್ನು ನಂಬಿ ಯಜಮಾನರ ಕಾರನ್ನು, ಅದೂ ಮಗಳ ಪರೀಕ್ಷೆಯ ಹಿಂದಿನ ದಿನ, ಮೋರಿಯ ಬಾಯಿಗೆ ಬಿಡಲು ಅವನೇನು ಹುಚ್ಚನೇ? ಗೇರು ಅಂದರೆ ಗೇರು. ಡಿಗೆ ಹಾಕಿ ಆಫ್ ಮಾಡಿದ, ಚಾವಿ ತೆಗೆದ, ಮುಂದಿನ ಚಕ್ರಗಳಿಗೆ ಎರಡು ದಪ್ಪ ಕಲ್ಲು ಕೊಟ್ಟ. ಹಾಗೆ ಮಾಡಿದ ಮೇಲೆಯೇ ಅವನಿಗೆ ಅನ್ನ ಸೇರಿದ್ದು.

ಬೆಳಿಗ್ಗೆ ಎಂಟಕ್ಕೆ ಬಸ್ಸು ಬಂತು, ಹತ್ತರ ಪರೀಕ್ಷೆಗೆ ಮುಟ್ಟಿಸುವುದು ಅದೊಂದೇ. ಬಿಂದುಶ್ರೀ ಹಣೆಗೆ ಕುಂಕುಮ ಇಟ್ಟುಕೊಂಡು, ಹಾಲ್ ಟಿಕೆಟ್ಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಅಪ್ಪ, ಬಸ್ಸಲ್ಲೇ ಹೋಗ್ಬಿಡ್ತೀನಪ್ಪ."

"ಹೋಗ್ಲಿ ಬಿಡವ್ವ ಅದು. ರಾಣಿ ಹಂಗೆ ಹೋಗೀವಂತೆ" ಎಂದು ಕಂಡಕ್ಟರಿಗೆ ತಾನೇ ಕೈ ಬೀಸಿ 'ರೈಟ್' ಹೇಳಿದ. ಆ ಕೈ ಬೀಸಿದ್ದನ್ನು ಅವನು ಆಮೇಲೆ ಎಷ್ಟು ಸಲ ನೆನೆಸಿಕೊಂಡನೋ ದೇವರಿಗೇ ಗೊತ್ತು.

ಎಂಟೂವರೆಗೆ ಕೂತು ಚಾವಿ ತಿರುಗಿಸಿದ. ಏನೂ ಇಲ್ಲ. ಗುರ್ ಅನ್ನಲಿಲ್ಲ, ಕಿರ್ ಅನ್ನಲಿಲ್ಲ. ಇನ್ನೊಂದು ಸಲ ತಿರುಗಿಸಿದ. ಹಾರ್ನು ಒತ್ತಿದ, ಬೀದಿಯ ನಾಯಿಗಳೆಲ್ಲ ಎದ್ದು ಓಡುವಂತೆ ಕೂಗಿತು. ಬ್ಯಾಟರಿ ಗಟ್ಟಿಯಾಗಿದೆ, ಇಂಜಿನ್ನು ಮಾತ್ರ ಮೂಕ. ಗೇರಿನಲ್ಲಿ ಇದೆಯಲ್ಲ ಎಂದು ಅವನಿಗೆ ಅನ್ನಿಸಲೂ ಇಲ್ಲ. ಗೇರಿನಲ್ಲಿದ್ದರೂ ಕ್ಲಚ್ಚು ತುಳಿದು ಚಾವಿ ತಿರುಗಿಸಿದರೆ ಅಂಬಾಸಿಡರು ಏಳುತ್ತಿತ್ತು. ಇಲ್ಲಿ ತುಳಿಯಲು ಏನಿದೆ? ಬಾನೆಟ್ಟು ಎತ್ತಿ ನೋಡಿದ. ಒಳಗೆ ಎಲ್ಲ ಕಪ್ಪು ಮುಚ್ಚಳ, ಕಪ್ಪು ಪೈಪು, ಯಾವುದನ್ನು ಮುಟ್ಟಬೇಕೋ ತಿಳಿಯಲಿಲ್ಲ.

ನಮ್ಮೂರಲ್ಲಿ ನಿಂತ ಗಾಡಿಗೆ ಒಂದೇ ಮದ್ದು. ಹೇಳುವುದೇ ಬೇಡ, ರಾಗಿ ಬಣವೆ ಕಡೆಯಿಂದ, ಅರಳಿಕಟ್ಟೆ ಕಡೆಯಿಂದ ಜನ ಬಂದರು.

"ತಳ್ರಪ್ಪ, ಹುಡ್ಗಿ ಪರೀಕ್ಷೆಗೆ ಹೋಗ್ಬೇಕಂತೆ!"

"ಲೇ, ಕ್ಲಚ್ಚಿಲ್ದೆ ತಳ್ಳಿದ್ರೆ ಹೆಂಗ್ಲಾ ಹಿಡ್ಕಳತ್ತೆ?" ಎಂದ ರಾಮಾಂಜಿನಪ್ಪ. ಅದು ಅವನ ಮನಸ್ಸಿನಲ್ಲಿ ನಿಜವಾಗಿಯೂ ಇದ್ದ ಅನುಮಾನ.

"ಕಾರು ಅಂದ್ಮೇಲೆ ತಳ್ಳಿದ್ರೆ ಏಳ್ಲೇಬೇಕು ಗುರು, ನೀನು ಕೂತ್ಕೊ!"

ಕೂತ. ಕಲ್ಲು ತೆಗೆದರು, ಎನ್‌ಗೆ ತಂದ, ಚಾವಿ ಆನ್ ಮಾಡಿ ಬಿಟ್ಟ, ಹದಿನೈದು ಜನ 'ಐಲೆಸಾ' ಎಂದರು. ಕಾರು ಇಳಿಜಾರಿನಲ್ಲಿ ಓಡಿತು. ಸ್ಟಿಯರಿಂಗು ಕಲ್ಲಿನಷ್ಟು ಬಿಗಿ. ವೇಗ ಬಂದೊಡನೆ ಗೇರನ್ನು ಡಿಗೆ ಎಳೆದ. ಟವೆಲ್ಲಿನಲ್ಲಿ ಕಟ್ಟಿದ್ದ ಎಡಗಾಲು ಜಗ್ಗಿ ಜಗ್ಗಿ ಇಲ್ಲದ ಕ್ಲಚ್ಚನ್ನು ಹುಡುಕಿತು. ಕಾರು ಸುಮ್ಮನೆ ಉರುಳಿ ಮೋರಿಯ ಹತ್ತಿರ ಸಪ್ಪಗೆ ನಿಂತಿತು. ಡಿಯಲ್ಲೇ ಇನ್ನೊಮ್ಮೆ ಚಾವಿ ತಿರುಗಿಸಿದ. ಏನೂ ಇಲ್ಲ.

"ಇನ್ನೊಂದ್ ಕಿತ!" ಎಂದರು ಜನ. ಪಾಪ, ಒಳ್ಳೆಯವರೇ. ಬೆವರು ಸುರಿಸಿ ಏರಿಗೆ ತಳ್ಳಿ ತಂದರು, ಮತ್ತೆ ಇಳಿಜಾರಿಗೆ ಬಿಟ್ಟರು. ಕನ್ನಡಿಯಲ್ಲಿ ಅವನಿಗೆ ಬಿಂದುಶ್ರೀ ಕಂಡಳು. ಹಾಲ್ ಟಿಕೆಟ್ಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಸ್ಕೂಲಿನ ನೀಲಿ ಲಂಗ ಸೊಂಟಕ್ಕೆ ಸಿಕ್ಕಿಸಿ, ಗಂಡಸರ ನಡುವೆ ಅವಳೂ ತಳ್ಳುತ್ತಿದ್ದಳು. ನೀನು ತಳ್ಳಬೇಡವ್ವ ಎಂದು ಇಳಿದು ಹೋಗಿ ತಡೆಯಬೇಕೆನ್ನಿಸಿತು, ಆದರೆ ಕೈಯಲ್ಲಿ ಸ್ಟಿಯರಿಂಗು ಇತ್ತು.

ಮೂರು ಸಲ ಹೀಗೇ ಆಯಿತು. ಗಂಟೆ ಒಂಬತ್ತೂವರೆ. ಆಗ ಬಂತು ಹಾಲಿನ ಲಾರಿ. ಅಪ್ಪ ಮಗಳು ಇಬ್ಬರೂ ಹತ್ತಿದರು. ಹಾಲಿನ ಲಾರಿಗೆ ಯಾರ ಪರೀಕ್ಷೆ ಏನು? ಅದು ಹಳ್ಳಿ ಹಳ್ಳಿಗೆ ನಿಂತು, ಕ್ಯಾನು ಏರಿಸಿ, ಚೀಟಿ ಬರೆಸಿಕೊಂಡು ಹೊರಡಬೇಕು. ಪ್ರತಿ ಸಲ ನಿಂತಾಗಲೂ ಅವನು ಇಳಿದು ತಾನೇ ಕ್ಯಾನು ಎತ್ತಿದ. ಡ್ರೈವರು ಕ್ಲಚ್ಚು ತುಳಿದು ಗೇರು ಹಾಕುವುದನ್ನು ನೋಡುತ್ತ ಅವನ ಕಣ್ಣು ತುಂಬಿತು.

ಹೊಸಕೋಟೆ ಶಾಲೆಯ ಗೇಟಿಗೆ ಬಂದಾಗ ಹತ್ತೂ ಮುಕ್ಕಾಲು. ಹತ್ತಕ್ಕೆ ಶುರು, ಹತ್ತೂವರೆ ಮೇಲೆ ಯಾರನ್ನೂ ಬಿಡುವಂತಿಲ್ಲ.

"ಕಾಲಿಗೆ ಬೀಳ್ತೀನಿ ಸಾರ್, ಕಾರು ಕೈಕೊಡ್ತು."

"ನನ್ ಕೈಲಿ ಏನೂ ಇಲ್ಲಪ್ಪ. ಸೆಪ್ಟೆಂಬರಲ್ಲಿ ಬರೀಲಿ" ಎಂದರು ಮೇಷ್ಟ್ರು. ಅವರ ಮುಖದಲ್ಲೂ ಬೇಜಾರಿತ್ತು. ಕಿಟಕಿಯಲ್ಲಿ ಸಾಲಾಗಿ ಬಗ್ಗಿದ ತಲೆಗಳು ಕಾಣುತ್ತಿದ್ದವು. ಅವನು ನಿಜವಾಗಿಯೂ ಬಗ್ಗಿ ಕಾಲು ಹಿಡಿಯಲು ಹೋದಾಗ ಬಿಂದುಶ್ರೀ ಅವನ ಅಂಗಿ ಹಿಡಿದು ಎಳೆದಳು. "ಬಾಪ್ಪ, ಹೋಗಣ."

ಮನೆಯಲ್ಲಿ ಲಕ್ಷ್ಮೀದೇವಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಸೆಪ್ಟೆಂಬರಿಗೆ ಅವ್ಳು ನನ್ ತಮ್ಮನ ಮನೇಲಿರ್ತಾಳೆ" ಎಂದಳು, ಅಷ್ಟೇ. ತಮ್ಮನಿಗೆ ಹೇಳಿಕಳಿಸಿಯೂ ಆಗಿತ್ತು.

ಸಂಜೆ ಮನೋಹರ ಬಂದ, ತಲೆ ಬೋಳಿಸಿಕೊಂಡು, ಕೈಯಲ್ಲಿ ಲಾಡು ಹಿಡಿದು. ಕಾರು ಮೋರಿಯ ಪಕ್ಕದಲ್ಲೇ ನಿಂತಿತ್ತು, ಜನವೂ ಸುತ್ತ ನಿಂತಿದ್ದರು. ಅವನು ಒಳಗೆ ಕೂತು, ಗೇರನ್ನು ಮುಂದಕ್ಕೆ ತಳ್ಳಿ, ಚಾವಿ ತಿರುಗಿಸಿದ. ಇಂಜಿನ್ನು ಎದ್ದಿತು. ಒಂದೇ ಸಲಕ್ಕೆ.

"ಡಿನಲ್ಲಿ ಬಿಟ್ಟಿದೀಯಲ್ಲಣ್ಣ! ಡಿನಲ್ಲಿದ್ರೆ ಇದು ಸ್ಟಾರ್ಟೇ ಆಗಲ್ಲ. ಗಾಡಿ ನುಗ್ಗಿಬಿಡ್ಬಾರ್ದು ಅಂತ ಹಂಗೇ ಮಾಡಿರ್ತಾರೆ. ಪಿನಲ್ಲಿ ಇಡಬೇಕು. ಹೇಳಿದ್ದೆ ಅಲ್ವಾ?"

ಪಿಗೆ ತಳ್ಳು ಎಂದು ಹೇಳಿದ್ದ, ನಿಜ. ಡಿಯಲ್ಲಿದ್ದರೆ ಏಳುವುದೇ ಇಲ್ಲ ಎಂದು ಹೇಳಿರಲಿಲ್ಲ. ಬೆಳಿಗ್ಗೆ ತಳ್ಳಿದ್ದ ಹದಿನೈದು ಜನ ತಮ್ಮ ತಮ್ಮ ಅಂಗೈ ನೋಡಿಕೊಂಡರು.

ಜನರ ನಡುವೆ ದಾರಿ ಮಾಡಿಕೊಂಡು ಬಿಂದುಶ್ರೀ ಬಂದಳು. "ಮನೋಹರಣ್ಣ, ನಂಗೊಂದ್ಸಲ ತೋರ್ಸಿ." ಅವನು ಇಳಿದು ಜಾಗ ಬಿಟ್ಟ. ಅವಳು ಕೂತು ಬ್ರೇಕು ತುಳಿದು ಇಂಜಿನ್ನು ಆಫ್ ಮಾಡಿದಳು. ಗೇರನ್ನು ಡಿಗೆ ಎಳೆದು ಚಾವಿ ತಿರುಗಿಸಿದಳು. ಏನೂ ಇಲ್ಲ. ಪಿಗೆ ತಳ್ಳಿ ತಿರುಗಿಸಿದಳು. ಇಂಜಿನ್ನು ಎದ್ದಿತು. ಲೆಕ್ಕ ಮಾಡಿದ ಮೇಲೆ ತಾಳೆ ನೋಡುವವಳಂತೆ ಅದನ್ನೇ ಇನ್ನೊಂದು ಸಲ ಮಾಡಿದಳು. ಮತ್ತೆ ಆಫ್ ಮಾಡಿ, ಚಾವಿ ತೆಗೆದು, ಇಳಿದು ಬಂದು ಅಪ್ಪನ ಅಂಗೈಯಲ್ಲಿಟ್ಟಳು.

"ಇಷ್ಟೇ ಅಂತಪ್ಪ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ರಾಮಾಂಜಿನಪ್ಪ ಚಾವಿ ಹಿಡಿದು ನಿಂತೇ ಇದ್ದ. ಮೇಲಿನ ಬೀದಿಯಲ್ಲಿ ಆದಿನಾರಾಯಣಪ್ಪ ಬಾಳೆಗೊನೆಯನ್ನು ಹೆಗಲ ಮೇಲೆ ಹೊತ್ತು ಅವರ ಮನೆಯ ಕಡೆ ನಡೆದು ಬರುತ್ತಿದ್ದ.